ನೂಲಿನಂತೆ ಸೀರೆಯೇ?

ಕಳೆದ ಶಿವಾನುಭವ ಗೋಷ್ಠಿ ಮುಗಿದ ಮೇಲೆ ಹುನಗುಂದ ಕಡೆಯ ತಾಯಿಯೊಬ್ಬರು ಹದಿನಾಲ್ಕು ವರ್ಷದ ಮಗನನ್ನು ಹೊರಗೆ ಕೂರಿಸಿ ನಮ್ಮ ಬಳಿಗೆ ಬಂದರು. ಅವರ ಪತಿ ಶೆರೆಯ ಚಟಕ್ಕೆ ಬಲಿಯಾಗಿ ಎರಡು ವರ್ಷ. "ಯಪ್ಪಾ, ಅವರಪ್ಪನ ರಕ್ತ ಐತಿ ಇವನ ಮೈಯಾಗ. ಇವನೂ ಹಂಗ ಆಗ್ತಾನೇನ್ರೀ?" ಎಂದರು. ಒಡನೆ ಉತ್ತರಿಸುವುದು ನಮ್ಮಿಂದಾಗಲಿಲ್ಲ.

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆಯನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಇಳಕಲ್ಲಿನ ನೇಕಾರರ ಮಗು ಸಲೀಸಾಗಿ ಲಾಳಿ ಹಿಡಿದರೆ 'ರಕ್ತದಲ್ಲೇ ಬಂದಿದೆ' ಎನ್ನುತ್ತೇವೆ. ಆದರೆ ಆ ಮಗು ತೊಟ್ಟಿಲಿನಿಂದಲೇ ಮಗ್ಗದ ಸಪ್ಪಳ ಕೇಳಿದೆ, ಮಾತು ಕಲಿಯುವ ಮುನ್ನವೇ ಎಳೆ ಕಡಿದಾಗ ಅಜ್ಜಿ ಗಂಟು ಹಾಕುವುದನ್ನು ನೋಡಿದೆ. ಜನ್ಮ ಕೊಟ್ಟವರೇ ಮನೆಯನ್ನೂ ಕೊಟ್ಟಿರುವಾಗ ಯಾವ ಗುಣ ಎಲ್ಲಿಂದ ಬಂದಿತೆಂದು ಬೇರ್ಪಡಿಸುವುದು ಹೇಗೆ?

ಇದಕ್ಕಾಗಿಯೇ ವಿಜ್ಞಾನಿಗಳು ದತ್ತುಮಕ್ಕಳತ್ತ ನೋಡಿದರು. ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಅಧ್ಯಯನ 1973ರಲ್ಲಿ ಪ್ರಕಟವಾಯಿತು. ಹೆತ್ತ ತಂದೆ ಅಥವಾ ತಾಯಿ ಮದ್ಯವ್ಯಸನಿಯಾಗಿದ್ದು, ಶೈಶವದಲ್ಲೇ ಅನ್ಯರ ಮನೆ ಸೇರಿದ 55 ಗಂಡುಮಕ್ಕಳಲ್ಲಿ 10 ಮಂದಿ ಮದ್ಯವ್ಯಸನಿಗಳಾದರು. ಅಂಥ ಹೆತ್ತವರಿಲ್ಲದ 78 ದತ್ತುಪುತ್ರರಲ್ಲಿ ಹಾಗಾದವರು 4 ಮಂದಿ ಮಾತ್ರ. ರಕ್ತಕ್ಕೆ ಸೆಳೆತವಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಐವತ್ತೈದರಲ್ಲಿ ನಲವತ್ತೈದು ಮಂದಿ ವ್ಯಸನಿಗಳಾಗಲಿಲ್ಲ! ಈ ಎರಡನೆಯ ಸಂಖ್ಯೆಯನ್ನು ಯಾರೂ ತಾಯಂದಿರಿಗೆ ಹೇಳುವುದಿಲ್ಲ.

ಮದ್ಯವ್ಯಸನದಲ್ಲಿ ಆನುವಂಶಿಕತೆಯ ಪಾಲು ಹೆಚ್ಚುಕಡಿಮೆ ಅರ್ಧದಷ್ಟೆಂದು ಅವಳಿಗಳನ್ನೂ ದತ್ತುಮಕ್ಕಳನ್ನೂ ಕುರಿತ ಅಧ್ಯಯನಗಳು ಅಂದಾಜಿಸಿವೆ. ಇದು ಒಂದು ಜನಸಮುದಾಯದೊಳಗಿನ ವ್ಯತ್ಯಾಸಗಳ ಲೆಕ್ಕ. ಹೊರಗೆ ಕುಳಿತಿದ್ದ ಆ ಬಾಲಕ ಅರ್ಧ ಕುಡುಕನೆಂದು ಇದರ ಅರ್ಥವಲ್ಲ.

ಹುಟ್ಟಿನಿಂದ ಏನೂ ಬರುವುದಿಲ್ಲವೆಂದು ವಾದಿಸುವ ಆಸೆ ಶರಣ ಪರಂಪರೆಯವರಾದ ನಮಗೆ ಸಹಜ. ಆದರೆ ಶರಣರು ನಿರಾಕರಿಸಿದ್ದು ಹುಟ್ಟಿನಿಂದ ಬರುವ ಮೇಲು-ಕೀಳನ್ನು, ದೇಹಕ್ಕೆ ಬರುವ ಬಳುವಳಿಯನ್ನಲ್ಲ. ಇಳಕಲ್ಲ ಶ್ರೀಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ 'ಮಹಾಂತ ಜೋಳಿಗೆ'ಯನ್ನು ನೆನೆಯಬೇಕು. ಊರೂರು, ಕೇರಿಕೇರಿ ತಿರುಗಿ ಪೂಜ್ಯರು ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಜೋಳಿಗೆ ಹಿಡಿದು ಬಾಗಿಲಲ್ಲಿ ನಿಂತಾಗ ಅವರು ಯಾರ ವಂಶವನ್ನೂ ವಿಚಾರಿಸಲಿಲ್ಲ.

ಆ ತಾಯಿಗೆ ನಾವು ಹೇಳಿದ್ದಿಷ್ಟು: ಸೆಳೆತ ಇರಬಹುದು, ಆದ್ದರಿಂದ ಜಾತ್ರೆ-ಮದುವೆಗಳಲ್ಲಿ ಗೆಳೆಯರು ನೀಡುವ ಮೊದಲ ಗುಟುಕೇ ಅವನಿಗೆ ಉಳಿದವರಿಗಿಂತ ಅಪಾಯಕಾರಿ. ಇದನ್ನು ಅವನಿಂದ ಮುಚ್ಚಿಡದೆ ತಿಳಿಹೇಳಿರಿ. 'ನೀನೂ ಅಪ್ಪನಂಗ ಆಗ್ತೀ' ಎಂಬ ಮಾತು ಮಾತ್ರ ಮನೆಯಲ್ಲಿ ಬೇಡ. (ಸಿಟ್ಟಿನಲ್ಲಿ ಮಕ್ಕಳಿಗೆ ಇಂಥದೇ ಮಾತನ್ನು ನಾವೂ ಆಡಿದವರೇ.)

ಬಾಲಕನನ್ನು ಒಳಗೆ ಕರೆದು ಮುಂದಿನ ಗೋಷ್ಠಿಗೆ ಜಮಖಾನೆ ಹಾಸುವ ಕೆಲಸ ವಹಿಸಿದೆವು. ಎಷ್ಟು ಗಂಟೆಗೆ ಬರಬೇಕೆಂದು ಅವನೇ ಕೇಳಿದ.