ಬೈಪಾಸ್ ಆದವರಿಗೆ ಕಾಮಾಲೆ ಬಂದರೆ

ನಮ್ಮ ಕೊಕ್ಕಡದ ದೇವರೇ ವೈದ್ಯನಾಥೇಶ್ವರ. ಆದರೂ ಕಣ್ಣು ಹಳದಿಯಾದರೆ ಮೊದಲು ಹಳ್ಳಿಮದ್ದು, ಪಥ್ಯ; ಮಂಗಳೂರಿನ ಬಸ್ಸು ಆಮೇಲೆ. ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರಿಗಂತೂ ಈ ತಡ ಒಳ್ಳೆಯದಲ್ಲ.

ಬೈಪಾಸಿನಲ್ಲಿ ಜಠರದ ಮೇಲ್ತುದಿಯನ್ನು ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲ ಮಾಡಿ, ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ; ಉಂಡ ಅನ್ನ ಮಾತ್ರ ಅತ್ತ ಹೋಗುವುದಿಲ್ಲ.

ಇನ್ನು ಕಾಮಾಲೆಯ ವಿಷಯ. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆಯಾದರೆ ಪಿತ್ತನಾಳ ಮುಚ್ಚಿ ಕಾಮಾಲೆ ಬರುತ್ತದೆ. ಸಾಮಾನ್ಯವಾಗಿ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಸ್ಟೆಂಟ್ ಹಾಕುತ್ತಾರೆ. ಬೈಪಾಸ್ ಆದವರಲ್ಲಿ ಆ ದಾರಿಯೇ ಬದಲಾಗಿದೆ, ಎಂಡೋಸ್ಕೋಪ್ ತಲುಪುವುದು ಕಷ್ಟ. ಆಗ ಪಕ್ಕೆಯಿಂದ ಲಿವರಿಗೆ ಸೂಜಿ ಚುಚ್ಚಿ ಪಿತ್ತ ಹರಿಸಬಹುದು. ಇಲ್ಲವೇ ಲ್ಯಾಪರೋಸ್ಕೋಪಿ ಮಾಡಿ, ಒಳಗೆ ಉಳಿದ ಜಠರದ ಮೂಲಕ ಹೋಗಬಹುದು.

ಗಡ್ಡೆ ತೆಗೆಯುವ ದೊಡ್ಡ ಆಪರೇಷನ್ನಿಗೆ ಅಮೆರಿಕದ ಸರ್ಜನ್ ಅಲೆನ್ ವಿಪ್ಪಲ್ ಹೆಸರಿದೆ. ಅವರು ವರದಿ ಮಾಡಿದ್ದು 1935ರಲ್ಲಿ. ಬೈಪಾಸ್ ಆದವರಿಗೂ ಅದನ್ನು ಮಾಡಬಹುದು. ಆದರೆ ಉಳಿದ ಜಠರ ತೆಗೆಯುವುದೋ ಬಿಡುವುದೋ, ಕರುಳನ್ನು ಎಲ್ಲಿಗೆ ಜೋಡಿಸುವುದು, ಇದೆಲ್ಲ ಹಳೆಯ ಜೋಡಣೆ ನೋಡಿಯೇ ತೀರ್ಮಾನವಾಗಬೇಕು. ತೂಕ ಇಳಿಸುವ ಇನ್ನೊಂದು ಆಪರೇಷನ್ ಸ್ಲೀವ್; ಅದು ಆದವರಲ್ಲಿ ಜಠರದ ಕೆಲವು ರಕ್ತನಾಳಗಳು ಆಗಲೇ ಹೋಗಿರುತ್ತವೆ. ಅಲ್ಲಿ ಎಡ ಜಠರ ಅಪಧಮನಿಗೆ ಪೆಟ್ಟಾಗಬಾರದು. ಅನುಭವಿ ಕೈಗಳ ಕೆಲಸ ಇದು.

ಇನ್ನೊಂದು ಮಾತು. ವರ್ಷಗಳ ಮೇಲೆ ತೂಕ ಮತ್ತೆ ಇಳಿಯತೊಡಗಿದರೆ, “ಅದು ಹಳೆಯ ಆಪರೇಷನ್ನಿಂದ” ಅಂತ ಸುಮ್ಮನಿರಬೇಡಿ. ಕಡು ಹಳದಿ ಮೂತ್ರ, ಬಿಳಿಚಿದ ಮಲ, ಬೆನ್ನಿಗೆ ಹಬ್ಬುವ ಹೊಟ್ಟೆನೋವು ಇದ್ದರೆ ಸ್ಕ್ಯಾನ್ ಮಾಡಿಸಿ. ಹೋಗುವಾಗ ಹಳೆಯ ಡಿಸ್ಚಾರ್ಜ್ ಸಮರಿ, ಆಪರೇಷನ್ ನೋಟ್ಸ್ ತೆಗೆದುಕೊಂಡೇ ಹೋಗಿ.