ಮೇಷ್ಟ್ರು ನಿಂತರೆ ಕಾನೂನು ಶಾಲೆ ನಿಂತೀತು

ನಾನು ಮೈಸೂರಿನವಳು. ವೇಲಚೇರಿಯಲ್ಲಿ ಮನೆ ಮಾಡಿಕೊಂಡು ಚೆನ್ನೈನಲ್ಲಿ ಕರಾರು ಕಾನೂನು ಕಲಿಸುತ್ತೇನೆ. ಇಲ್ಲಿಂದ ರೈಲಿನಲ್ಲಿ ಒಂದೇ ನಿಲ್ದಾಣ ಆಚೆ, ಪೆರುಂಗುಡಿಯಲ್ಲಿ, ತಮಿಳುನಾಡು ಡಾ. ಅಂಬೇಡ್ಕರ್ ಕಾನೂನು ವಿಶ್ವವಿದ್ಯಾಲಯದ ಆವರಣವಿದೆ. ಕಾನೂನು ಓದಬೇಕೆನ್ನುವ ಮಕ್ಕಳಿಗೆ ಈ ಊರಿನಲ್ಲಿ ಬರವಿಲ್ಲ. ಒಳ್ಳೆಯ ಮೇಷ್ಟ್ರುಗಳನ್ನು ಉಳಿಸಿಕೊಳ್ಳುವುದೇ ಎಲ್ಲ ಕಡೆಯ ಕಷ್ಟ.

ಮೊದಲ ಕಾರಣ ದುಡ್ಡು. ಯುಜಿಸಿ ವೇತನಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700 ರೂಪಾಯಿಯಿಂದ ಶುರು. ಅತಿಥಿ ಉಪನ್ಯಾಸಕರಿಗೆ ಅದೂ ದಕ್ಕುವುದಿಲ್ಲ. ಐಟಿ ಕಂಪನಿಗಳ ಪಕ್ಕದ ವೇಲಚೇರಿಯಲ್ಲಿ ಬಾಡಿಗೆ ಮಾತ್ರ ಎಲ್ಲರಿಗೂ ಒಂದೇ. ಎರಡನೆಯದು ನಿಯಮ. ವಕೀಲಿ ಮಾಡುತ್ತಿರುವವರು ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಹೇಳಲು 1979ರ ನಿಯಮಗಳು ಅವಕಾಶ ಕೊಡುತ್ತವೆ. ಪೂರ್ಣಾವಧಿ ಮೇಷ್ಟ್ರಾದರೆ ಮಾತ್ರ ಕರಿಕೋಟು ಕಳಚಿಡಬೇಕು. ಚುರುಕಾದವರು ಕೋರ್ಟನ್ನೇ ಆರಿಸಿಕೊಳ್ಳುವುದು ಸಹಜ.

ಆದರೂ ಸಂಬಳವೊಂದೇ ಕಾರಣವಲ್ಲ ಎನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಕಿರಿಯ ಸಹೋದ್ಯೋಗಿಯೊಬ್ಬಳು 1913ರ ಲಾಲ್‌ಮನ್ ಶುಕ್ಲಾ ಮೊಕದ್ದಮೆ ಕಲಿಸುತ್ತಿದ್ದಳು. ಕಾಣೆಯಾದ ಹುಡುಗನನ್ನು ಆಳು ಹುಡುಕಿ ತಂದ. ಬಹುಮಾನ ಘೋಷಿಸಿದ್ದು ಆಗ ಅವನಿಗೆ ಗೊತ್ತಿರಲಿಲ್ಲ. ಹಾಗಾಗಿ ಹಣ ಸಿಗಲಿಲ್ಲ. ಅವಳು ಅರ್ಧ ತರಗತಿಯನ್ನು ಆಳಿನ ಪರ, ಉಳಿದರ್ಧವನ್ನು ಯಜಮಾನನ ಪರ ವಾದಕ್ಕೆ ನಿಲ್ಲಿಸಿ, ನಡುವೆ ಪಕ್ಷ ಬದಲಿಸಿಬಿಡುತ್ತಿದ್ದಳು. ಗಂಟೆ ಹೊಡೆದರೂ ಮಕ್ಕಳು ಏಳುತ್ತಿರಲಿಲ್ಲ. ಅಂಥವಳಿಗೆ ಕಾಲೇಜು ಪ್ರತಿವರ್ಷ ಹೊಸ ಗುತ್ತಿಗೆ ಪತ್ರ, ಹೊಸ ವಿಷಯ ಕೊಟ್ಟಿತು. ಒಂದನ್ನೂ ಆಳವಾಗಿ ಬೆಳೆಸಲಾಗದೆ ಬಿಟ್ಟು ಹೋದಳು.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಇದಕ್ಕೆ ಬೇರೆ ದಾರಿ ತೋರಿಸಿತ್ತು. ಕರ್ನಾಟಕದ 1986ರ ಕಾಯಿದೆಯಿಂದ ಹುಟ್ಟಿದ ಆ ಶಾಲೆ 1988ರಲ್ಲಿ ಮೊದಲ ತರಗತಿ ಆರಂಭಿಸಿದಾಗ ಸ್ವಂತ ಕಟ್ಟಡವೂ ಇರಲಿಲ್ಲ. ಸೆಂಟ್ರಲ್ ಕಾಲೇಜಿನ ಆವರಣವೇ ಆಶ್ರಯ. ಸ್ಥಾಪಕ ನಿರ್ದೇಶಕ ಎನ್.ಆರ್. ಮಾಧವ ಮೆನನ್ ಮೇಷ್ಟ್ರುಗಳನ್ನು ಒಟ್ಟಿಗೆ ಕೂರಿಸಿ ಪಠ್ಯ ಕಟ್ಟಿಸಿದರು, ಒಂದೇ ವಿಷಯವನ್ನು ಜೊತೆಯಾಗಿ ಕಲಿಸುವ ಪದ್ಧತಿ ತಂದರು. ಇತಿಹಾಸ, ಅರ್ಥಶಾಸ್ತ್ರ ಕಲಿಸುವವರಿಗೂ ಅಲ್ಲಿ ಜಾಗವಿತ್ತು. ಪಾಠ ತನ್ನದು ಎನ್ನುವ ಹಕ್ಕು, ವಾದಕ್ಕೆ ಸಮಬಲದ ಜೊತೆಗಾರ: ಈ ಎರಡು ಸಿಕ್ಕರೆ ಮೇಷ್ಟ್ರು ಬೇರು ಬಿಡುತ್ತಾರೆ.

ಆದ್ದರಿಂದ ಮೊದಲು ಕಾಯಂ ಹುದ್ದೆ ತುಂಬಿ. ಒಬ್ಬರಿಗೆ ಒಂದು ವಿಷಯವನ್ನು ಕೆಲವು ವರ್ಷ ಬಿಟ್ಟುಕೊಡಿ. ಓದಿ ಬರೆಯಲು ಬಿಡುವು ಕೊಡಿ. ಮಕ್ಕಳನ್ನು ಸೇರಿಸುವ ತಂದೆತಾಯಂದಿರು ಕಟ್ಟಡ ನೋಡುವ ಮುನ್ನ ಒಂದು ಪ್ರಶ್ನೆ ಕೇಳಲಿ: ಐದು ವರ್ಷದಿಂದ ಇಲ್ಲೇ ಕಲಿಸುತ್ತಿರುವವರು ಎಷ್ಟು ಮಂದಿ?