ಇಪ್ಪತ್ತು ಅಂಕದ ಆಸರೆ

ಮುಂಬಯಿ ಮಹಾನಗರಪಾಲಿಕೆ ಶಾಲೆಗಳ ಎಸ್ಸೆಸ್ಸಿ (ಹತ್ತನೆಯ ತರಗತಿ) ಫಲಿತಾಂಶ 2018ರಲ್ಲಿ ಶೇ. 73.81 ಇತ್ತು. 2019ರಲ್ಲಿ ಅದು ಶೇ. 53.14ಕ್ಕೆ ಕುಸಿಯಿತು, 2020ರಲ್ಲಿ ಶೇ. 93.25ಕ್ಕೆ ಏರಿತು. ಧಾರಾವಿಯ ಮುನ್ಸಿಪಾಲಿಟಿ ಶಾಲೆಗಳ ಮಕ್ಕಳೂ ಈ ಲೆಕ್ಕದೊಳಗೇ ಇದ್ದಾರೆ. ಒಂದೇ ವರ್ಷದಲ್ಲಿ ನಲವತ್ತು ಅಂಶ ಮೇಲೇರುವಷ್ಟು ಕಲಿಕೆ ಯಾವ ಊರಿನಲ್ಲೂ ಸುಧಾರಿಸುವುದಿಲ್ಲ. ಬದಲಾದದ್ದು ಮುಖ್ಯವಾಗಿ ಅಂಕ ಕೊಡುವ ಕ್ರಮ.

2019ರಲ್ಲಿ ಪಠ್ಯಕ್ರಮ ಹೊಸದು. ಅದೇ ವರ್ಷ ರಾಜ್ಯದ ಪರೀಕ್ಷಾ ಬೋರ್ಡು ಭಾಷೆ ಮತ್ತು ಸಮಾಜ ವಿಜ್ಞಾನಗಳ 20 ಆಂತರಿಕ ಅಂಕಗಳನ್ನು ತೆಗೆದುಹಾಕಿತು. ಒಂದು ವಿಷಯದಲ್ಲಿ ಪಾಸಾಗಲು ಬೇಕಾದದ್ದು 100ಕ್ಕೆ 35. ಶಾಲೆಯಲ್ಲೇ ನಡೆಯುವ ಮೌಖಿಕದಲ್ಲಿ 18 ಸಿಕ್ಕರೆ 80 ಅಂಕದ ಪತ್ರಿಕೆಯಲ್ಲಿ ಬರೆದು ಗಳಿಸಬೇಕಾದದ್ದು ಬರೀ 17. ಈ ಆಸರೆ ತಪ್ಪಿದ 2019ರಲ್ಲಿ ಆ 35ನ್ನೂ ಬರೆದೇ ಗಳಿಸಬೇಕಾಯಿತು. ಮೂರು ಭಾಷೆ, ಒಂದು ಸಮಾಜ ವಿಜ್ಞಾನ: ಆರು ವಿಷಯಗಳಲ್ಲಿ ನಾಲ್ಕಕ್ಕೆ ಈ ಪೆಟ್ಟು ಬಿತ್ತು. 600ರಲ್ಲಿ 80 ಅಂಕ!

ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ರಾಜ್ಯದ ಒಟ್ಟು ಫಲಿತಾಂಶ ಶೇ. 89.41ರಿಂದ 77.10ಕ್ಕೆ ಇಳಿದರೆ, ಪಾಲಿಕೆ ಶಾಲೆಗಳದ್ದು ಇಪ್ಪತ್ತು ಅಂಶಕ್ಕೂ ಹೆಚ್ಚು ಇಳಿಯಿತು. ನಡುವಿನ ಅಂತರ 15.60ರಿಂದ 23.96ಕ್ಕೆ ಹಿಗ್ಗಿತು. ಆಂತರಿಕ ಅಂಕಗಳು ಮರಳಿದ 2020ರಲ್ಲಿ ಅದೇ ಅಂತರ 2.05. (ಕೊರೊನಾದಿಂದ ಆ ವರ್ಷ ಭೂಗೋಳದ ಪತ್ರಿಕೆಯೇ ನಡೆಯಲಿಲ್ಲ, ಅದನ್ನೂ ನೆನಪಿಡಬೇಕು.) ಕೊರೊನಾ ನಂತರ 2023ರಲ್ಲಿ ಮತ್ತೆ ಪೂರ್ಣ ಪಠ್ಯದ ಪರೀಕ್ಷೆ ಬಂದಾಗ ರಾಜ್ಯ ಶೇ. 93.83, ಪಾಲಿಕೆ ಶೇ. 84.77. ಮತ್ತೆ ಒಂಬತ್ತು ಅಂಶದ ಕಂದಕ.

ನನಗೆ 2019ರ ಸಂಖ್ಯೆಯೇ ಹೆಚ್ಚು ನಿಜ ಹೇಳುತ್ತದೆ ಅನಿಸುತ್ತದೆ. ಈ ಮಕ್ಕಳಿಗೆ ಮಾತು ಬರುತ್ತದೆ, ಬರವಣಿಗೆ ಬರುವುದಿಲ್ಲ. ಧಾರಾವಿಯ ಕನ್ನಡದ ಮಗು ಮನೆಯಲ್ಲಿ ಕಲಬುರಗಿಯ ಕಡೆಯ ಮಾತು, ಓಣಿಯಲ್ಲಿ ಹಿಂದಿ ಆಡುತ್ತದೆ. ಪುಸ್ತಕದ ಕನ್ನಡ, ಮರಾಠಿ, ಇಂಗ್ಲಿಷುಗಳಲ್ಲಿ ಉತ್ತರ ಬರೆಯಬೇಕು. ಧಾರಾವಿಯ ಎರಡು ಚಿಲ್ಲರೆ ಚದರ ಕಿಲೋಮೀಟರಿನಲ್ಲಿ ಲಕ್ಷಗಟ್ಟಲೆ ಜನ. ನೂರು ಚದರಡಿಯ ಖೋಲಿಯಲ್ಲಿ ಅಡುಗೆ, ನಿದ್ದೆ, ಎಷ್ಟೋ ಕಡೆ ಹೊಲಿಗೆ ಯಂತ್ರವೂ ಅಲ್ಲೇ. ನೋಟ್‌ಬುಕ್ ಬಿಡಿಸಿ ಕೂರಲು ಜಾಗವೆಲ್ಲಿ? ಆಗಿನ ನಿಯಮದಂತೆ ಎಂಟನೆಯ ತನಕ ಯಾರೂ ನಪಾಸಾಗುತ್ತಿರಲಿಲ್ಲ. ಬರೆಯಲು ಬಾರದ್ದು ಹತ್ತಿರ ಹತ್ತಿರ ಹತ್ತನೆಯಲ್ಲೇ ಬಯಲಾಗುತ್ತಿತ್ತು.

ಪಾಲಿಕೆಯ ಬಳಿ ದುಡ್ಡಿಲ್ಲ ಎನ್ನುವ ಹಾಗಿಲ್ಲ. 2024-25ರ ಪಾಲಿಕೆಯ ಶಿಕ್ಷಣ ಬಜೆಟ್ 3,497.82 ಕೋಟಿ ರೂಪಾಯಿ. ಮಕ್ಕಳು ಸುಮಾರು ಮೂರು ಲಕ್ಷ. ತಲೆಗೆ ಲಕ್ಷ ರೂಪಾಯಿಗೂ ಮಿಕ್ಕಿ ಬೀಳುತ್ತದೆ, ಅದರ ದೊಡ್ಡ ಪಾಲು ಸಂಬಳ, ಪಿಂಚಣಿಗೇ ಹೋದರೂ. ಸಮವಸ್ತ್ರ, ಚೀಲ, ಬೂಟು ಸೇರಿ 27 ಸಾಮಗ್ರಿ ಪುಕ್ಕಟೆ. ಎಂಟು ಮಾಧ್ಯಮಗಳಲ್ಲಿ, ಕನ್ನಡವೂ ಸೇರಿ, ಶಾಲೆ ನಡೆಸುವ ಪಾಲಿಕೆ ದೇಶದಲ್ಲಿ ಅಪರೂಪ, ಅದನ್ನು ಮೆಚ್ಚಲೇಬೇಕು. ಆದರೆ ಪಾಲಿಕೆ ಇನ್ನೊಂದು ಲೆಕ್ಕವನ್ನೂ ಇಡಬೇಕು: ಐದನೆಯ ತರಗತಿ ಮುಗಿಸುವ ಮಕ್ಕಳಲ್ಲಿ ಎಷ್ಟು ಮಂದಿ ತಮ್ಮ ಮಾಧ್ಯಮದಲ್ಲಿ ಯಾರ ನೆರವೂ ಇಲ್ಲದೆ ಒಂದು ಪುಟ ಬರೆಯಬಲ್ಲರು? ಶಾಲೆವಾರು, ಮಾಧ್ಯಮವಾರು, ಪ್ರತಿ ಜೂನ್‌ನಲ್ಲಿ ಅದು ಪ್ರಕಟವಾಗಬೇಕು. ಬರೆಯಲಾರದ ಮಗುವಿಗೆ ಹತ್ತನೆಯ ಪರೀಕ್ಷೆಗೆ ಆಗಿನ್ನೂ ಐದು ವರ್ಷ ಉಳಿದಿರುತ್ತದೆ.